ಏಳು ತಲೆ ಆಗದೆ ಗಾಡಿ ಕದಲಬಾರದು

ಹೂಂ ಅನ್ನುವವರು ಮುಂದೆ ಬನ್ನಿ. ಹೂಂ ಅನ್ನಲು ಬೇಜಾರಾದವರು ಹಿಂದೆ ಗೋಡೆಗೆ ಒರಗಿ, ಆದರೆ ಗೊರಕೆ ಹೊಡೆಯಬೇಡಿ, ನನಗೆ ಲಯ ತಪ್ಪುತ್ತದೆ.

ಕೆಮ್ಮಣಗಿ ಅಂತ ಒಂದು ಊರು. ಊರಲ್ಲಿ ಫಕೀರವ್ವ. ಫಕೀರವ್ವನಿಗೆ ಒಬ್ಬನೇ ಮಗ, ಬರಮಪ್ಪ. ಮೂವತ್ತು ವರ್ಷದ ಆಳು, ಎತ್ತಿನಂಥ ಭುಜ. ತಲೆಯೊಳಗೆ ಮಾತ್ರ ಒಂದು ಸಲಕ್ಕೆ ಒಂದೇ ಮಾತು ಹಿಡಿಯುತ್ತಿತ್ತು. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಅದೇ ಅವನ ರೋಗ.

ಹೋಟೆಲ್ಲಿಗೆ ಕೆಲಸಕ್ಕೆ ಹಾಕಿದಳು. "ಗಿರಾಕಿ ಎದ್ದ ಕೂಡ್ಲೆ ಪ್ಲೇಟ್ ತಗದು ಟೇಬಲ್ ಒರಸು" ಅಂದರು. ಯಾರೋ ಪಾಪ, ಗೆಳೆಯ ಬಂದನೆಂದು ಅರ್ಧ ಎದ್ದು ಕೈ ಮುಗಿದರೆ, ಕೂರುವುದರೊಳಗೆ ದೋಸೆ ಇಲ್ಲ! ಹಿಟ್ಟಿನ ಗಿರಣಿಗೆ ಹಾಕಿದಳು. "ಏನಾರ ಆಗಲಿ, ಗಿರಣಿ ನಿಲ್ಲಸಬ್ಯಾಡ" ಅಂದರು. ಮಾಲೀಕರ ಧೋತರದ ಚುಂಗು ಗಿರಣಿಯ ತಿರುಗುವ ಪಟ್ಟಿಗೆ ಸಿಕ್ಕಿತು. ಮಾಲೀಕರು ಕೂಗಿದರು. ಬರಮಪ್ಪ ನಿಲ್ಲಿಸಲಿಲ್ಲ. ಮಾಲೀಕರು ಅಂಗಿಯಲ್ಲೇ ಮನೆಗೆ ಹೋದರು, ಬರಮಪ್ಪನೂ ಮನೆಗೆ ಬಂದ.

ಹೀಗೆ ಏಳು ಕಡೆ ಹೋದ, ಏಳು ಕಡೆಯಿಂದಲೂ ಸಂಜೆಯೊಳಗೆ ವಾಪಸು. ಫಕೀರವ್ವ ತಲೆ ಮೇಲೆ ಕೈ ಹೊತ್ತು ಕೂತಳು. "ನಾ ಇರೂತನ ರೊಟ್ಟಿ ಬಡದು ಹಾಕ್ತೀನಿ. ನಾ ಹೋದ ಮ್ಯಾಲ ಇವಗ ಯಾರು?" ಅವಳಿಗೆ ಹಗಲೂ ಅದೇ ಚಿಂತೆ, ರಾತ್ರಿಯೂ ಅದೇ ಚಿಂತೆ.

ಕೊನೆಗೆ ತಮ್ಮ ಯಂಕಪ್ಪನ ಮುಂದೆ ಸೆರಗೊಡ್ಡಿದಳು. ಯಂಕಪ್ಪನದು ಒಂದು ಜೀಪು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಇರುವ ಗಟ್ಟಿ ಗಾಡಿ. ಐದಾರು ಜನ ಪ್ರವಾಸಿಗರನ್ನು ಹತ್ತಿಸಿಕೊಂಡು ಒಂಬತ್ತು ಸುತ್ತಿನ ಕೊಳ್ಳದೊಳಗೆ ಹೋಗುತ್ತಿದ್ದ. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಒಣಗಿದ ಹಳ್ಳ, ಹಳ್ಳವೇ ದಾರಿ. ಅಲ್ಲಿ ಊರಿಲ್ಲ, ಅಂಗಡಿಯಿಲ್ಲ, ಫೋನು ಹತ್ತುವುದಿಲ್ಲ. ಟೆಂಟು ಹಾಕಿ ಮಲಗುವುದು, ಮೂರು ಕಲ್ಲಿನ ಒಲೆ ಮೇಲೆ ಅಡುಗೆ.

"ಒಂದ ಸಲ ಕರಕೊಂಡ ಹೋಗ್ತೀನಿ ಅಕ್ಕಾ," ಅಂದ ಯಂಕಪ್ಪ. "ಸರಿ ಕಂಡ್ರ ಕಾಯಂ ಇಟಕೋತೀನಿ. ಇಲ್ಲಂದ್ರ ಇನ್ನ ನನ್ನ ಕೇಳಬ್ಯಾಡ."

ಫಕೀರವ್ವ ಮಗನ ಗಲ್ಲ ಹಿಡಿದು ಹೇಳಿದಳು: "ಬರಮೂ, ಮಾವ ಹೇಳೂತನ ಏನೂ ಮಾಡಬ್ಯಾಡ. ಹೇಳಿದ್ದು ತಪ್ಪದ ಮಾಡು."

"ಆತ ಬೇ ಯವ್ವಾ!" ಅಂದ ಬರಮಪ್ಪ.

ಜೀಪು ಹೊರಟಿತು. ಒಳಗೆ ಐದು ಜನ ಪ್ರವಾಸಿಗರು. ಹುಬ್ಬಳ್ಳಿಯ ಬ್ಯಾಂಕಿನ ಮೂವರು ಗೆಳೆಯರು. ಮೈಸೂರು ಕಡೆಯ ಶಿವನಂಜಯ್ಯ ಮೇಷ್ಟ್ರು, ನಿವೃತ್ತರು, ದಪ್ಪ ಕನ್ನಡಕ. ಅವರ ಹೆಂಡತಿ ಗೌರಮ್ಮ. ಯಂಕಪ್ಪ, ಬರಮಪ್ಪ ಸೇರಿ ಏಳು. ಈ ಏಳನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮೊದಲ ಸುತ್ತು ದಾಟಿದರು. ಮರಳು ಬಂತು. ಮರಳಿನಲ್ಲಿ ಗಾಲಿಯ ಗಾಳಿ ಸ್ವಲ್ಪ ಬಿಡಬೇಕು, ಆಗ ಗಾಲಿ ಅಗಲವಾಗಿ ತೇಲಿಕೊಂಡು ಹೋಗುತ್ತದೆ. ಬರಮಪ್ಪ ಇದನ್ನು ಹೊರಡುವ ಮುಂಚೆಯೇ ಕಲಿತಿದ್ದ. ಕೆಳಗಿಳಿದು ಜೀಪಿನ ಹಿಂದೆ ನಡೆಯುತ್ತ ನೋಡಿದ. ಗಾಲಿ ಮರಳಿಗೆ ಇಳಿಯಿತು. ನೋಡಿದ. ಅರ್ಧ ಗಾಲಿ ಇಳಿಯಿತು. ನೋಡಿದ. ಜೀಪಿನ ಹೊಟ್ಟೆಯೇ ಮರಳಿಗೆ ತಾಗಿತು.

"ಯಾಕೋ ಸುಮ್ಮ ನಿಂತೀ?" ಯಂಕಪ್ಪ ಹಾರಿ ಇಳಿದ.

"ನೀವು ಹೇಳಲಿಲ್ಲಲ್ರೀ ಮಾವ!"

"ಹೇಳಬೇಕೇನೋ? ಮರಳು ಕಂಡ ಕೂಡ್ಲೆ ಗಾಳಿ ಬಿಡಬೇಕು! ಕೇಳಬಾರದು, ಹೇಳಬಾರದು. ಮರಳು ಕಂಡ್ತು, ಗಾಳಿ ಬಿಟ್ಟಿ!"

"ಆತ್ರೀ ಮಾವ!"

ಸಲಿಕೆ ಹಿಡಿದು ಎಲ್ಲರೂ ಮರಳು ತೆಗೆದರು. ಸದ್ಯ, ಜೀಪು ಮೇಲೆ ಬಂತು.

ಮಧ್ಯಾಹ್ನ ಒಂದು ಮಡುವಿನ ದಡದಲ್ಲಿ ಬಿಡಾರ ಹೂಡಿದರು. ದಡವೆಲ್ಲ ನುಣ್ಣನೆಯ ಮರಳು. ಊಟವಾಯಿತು. ಗಾಳಿ ತುಂಬಿದ ಹಾಸಿಗೆಗಳನ್ನು ಹಾಸಿ ಪ್ರವಾಸಿಗರು ಕಣ್ಣು ಮುಚ್ಚಿದರು. ಬರಮಪ್ಪ ಸುತ್ತ ನೋಡಿದ. ಮರಳು ಕಂಡಿತು! ಮೇಷ್ಟ್ರ ಹಾಸಿಗೆಯ ಬಿರಡೆ ಎಳೆದ. ಪುಸ್ಸ್! ಗೌರಮ್ಮನವರ ತಲೆದಿಂಬು. ಪುಸ್ಸ್! ಬ್ಯಾಂಕಿನವರು ಈಜಲು ತಂದ ಟ್ಯೂಬು. ಪುಸ್ಸ್! ಹೆಚ್ಚುವರಿ ಗಾಲಿಯನ್ನೂ ಬಿಡಲಿಲ್ಲ ಪುಣ್ಯಾತ್ಮ.

ಮೇಷ್ಟ್ರು ನಿಧಾನಕ್ಕೆ ಇಳಿದು ಇಳಿದು, ಮರಳಿನಡಿಯ ಕಲ್ಲು ಬೆನ್ನಿಗೆ ಒತ್ತಿದಾಗ ಎದ್ದರು. "ಅಯ್ಯಯ್ಯೋ! ಏನಯ್ಯಾ ಇದು!"

"ಮರಳು ಕಂಡ್ತು, ಗಾಳಿ ಬಿಟ್ಟೆ! ನೀವು ಹೇಳಿದಂಗ ಮಾಡೀನ್ರೀ ಮಾವ!"

ಯಂಕಪ್ಪನ ಪಿತ್ತ ನೆತ್ತಿಗೇರಿತು. "ಇನ್ನ ಗಾಳಿ ಮುಟ್ಟಬ್ಯಾಡ! ನೀ ಸ್ವಚ್ಛ ಮಾಡೂ ಕೆಲಸ ಮಾಡು. ಹೊರಡೂ ಮುಂದ ಇಲ್ಲಿ ನಾವು ಬಂದದ್ದು ಗುರುತು ಸುದ್ದಾ ಉಳೀಬಾರದು. ತಿಳೀತಿಲ್ಲೋ?"

"ಆತ್ರೀ ಮಾವ!"

ಕೊಳ್ಳಕ್ಕೆ ಹೋಗುವವರ ಪದ್ಧತಿ ಅದು. ಕಾಗದದ ಚೂರು ಕೂಡ ಬಿಟ್ಟುಬರಬಾರದು. ಮಾರನೆಯ ದಿನ ಹೊರಡುವಾಗ ಬರಮಪ್ಪ ಬೂದಿ ಮುಚ್ಚಿದ, ಕಸ ಆರಿಸಿದ. ಯಂಕಪ್ಪ ನೋಡಿ, ಪರವಾಗಿಲ್ಲ ಅಂದುಕೊಂಡು ಮುಂದೆ ಹೋದ. ಹಿಂದೆ ನೋಡಲಿಲ್ಲ, ಅದೇ ತಪ್ಪು. ಬರಮಪ್ಪ ಒಂದು ಬಂದರಿಕೆ ಗಿಡದ ಟೊಂಗೆ ಮುರಿದುಕೊಂಡು, ಜೀಪಿನ ಹಿಂದೆ ಹಿಂದೆ ನಡೆಯುತ್ತ, ಗಾಲಿಯ ಗುರುತನ್ನೆಲ್ಲ ಗುಡಿಸಿಬಿಟ್ಟ! ಹಳ್ಳ ಕವಲೊಡೆದ ಕಡೆಯಲ್ಲೆಲ್ಲ ಯಂಕಪ್ಪ ಇಳಿದು, ವಾಪಸು ಬರುವಾಗ ದಾರಿ ಗೊತ್ತಾಗಲೆಂದು ಕಲ್ಲಿನ ಮೇಲೆ ಕಲ್ಲು ಇಡುತ್ತಿದ್ದ. ಬರಮಪ್ಪ ಹಿಂದಿನಿಂದ ಬಂದು ಒದ್ದು ಬೀಳಿಸುತ್ತಿದ್ದ. ಎರಡು ಮೈಲಿ, ಒಂದೂ ಬಿಡದೆ.

ಐದನೆಯ ಸುತ್ತಿನಲ್ಲಿ ಬಂಡೆ ಉರುಳಿ ದಾರಿ ಮುಚ್ಚಿತ್ತು. "ಹಿಂದ ಹೋಗೂಣು" ಅಂದ ಯಂಕಪ್ಪ. ಹಿಂದೆ ಬಂದರೆ ಮೂರು ಕವಲು, ಮೂರೂ ಒಂದೇ ಥರ. ಗಾಲಿ ಗುರುತಿಲ್ಲ, ಕಲ್ಲಿಲ್ಲ. ಯಂಕಪ್ಪನ ಮುಖದ ಬಣ್ಣ ಹೋಯಿತು.

"ಕಲ್ಲೆಲ್ಲಿ ಹೋದ್ವೋ?"

"ಗುರುತು ಸುದ್ದಾ ಇಲ್ರೀ! ನೀವು ಹೇಳಿದಂಗ ಮಾಡೀನ್ರೀ ಮಾವ!"

ಮೊದಲ ಕವಲಿಗೆ ಹೋದರು, ಗೋಡೆ. ಎರಡನೆಯದಕ್ಕೆ ಹೋದರು, ಗೋಡೆ. ಮೂರನೆಯದರಲ್ಲಿ ದಾರಿ ಸಿಕ್ಕಾಗ ಹೊತ್ತು ಇಳಿದಿತ್ತು. ಸದ್ಯ, ಸಿಕ್ಕಿತಲ್ಲ ಅಂತ ಎಲ್ಲರೂ ಉಸಿರು ಬಿಟ್ಟರು.

ಮಾರನೆಯ ಬೆಳಿಗ್ಗೆ ಯಂಕಪ್ಪ ಟೆಂಟಿನ ಜಾಗಕ್ಕೆ ಗೆರೆ ಎಳೆಯಲು ತಂದಿದ್ದ ಸುಣ್ಣ ಕಲಸಿ ಡಬ್ಬಿ ಅವನ ಕೈಗೆ ಕೊಟ್ಟ. "ಗುರುತು ಅಳಸೂದಲ್ಲೋ, ಗುರುತು ಹಚ್ಚಬೇಕು! ಕಳದ್ರ ಸಿಗೂದಿಲ್ಲ ಅನ್ನೂವಂಥದ್ದು ಏನೈತಿ, ಅದಕ್ಕೆಲ್ಲ ಸುಣ್ಣ ಹಚ್ಚು!"

"ಆತ್ರೀ ಮಾವ!"

ಯಂಕಪ್ಪ ಹೇಳಿದ್ದು ದಾರಿಯ ಮಾತು. ಬರಮಪ್ಪ ದಾರಿಗೂ ಹಚ್ಚಿದ, ಸುಳ್ಳು ಯಾಕೆ ಹೇಳಲಿ. ಮಧ್ಯಾಹ್ನ ಇನ್ನೊಂದು ಮಡುವಿನ ಪಕ್ಕ, ಬಂಡೆಯ ನೆರಳಲ್ಲಿ ಎಲ್ಲರೂ ಅಡ್ಡಾದರು. ಡಬ್ಬಿಯಲ್ಲಿ ಸುಣ್ಣ ಮಿಕ್ಕಿತ್ತು. ಕಳೆಯುವಂಥದ್ದು ಇನ್ನೇನಿದೆ? ಸೌಟು. ಹಚ್ಚಿದ. ಚೀಲಗಳು. ಹಚ್ಚಿದ. ಚಪ್ಪಲಿಗಳು! ಊರಿನ ಅಗಸರು ಬಟ್ಟೆಯ ಒಳಮೈಗೇ ಗುರುತು ಹಾಕುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಅದಕ್ಕೆ ಒಂದೊಂದೇ ಚಪ್ಪಲಿ ಮಗುಚಿ ಅಡಿಗೆ ದಪ್ಪಗೆ ಬಳಿದಿಟ್ಟ. ಮೇಷ್ಟ್ರು ದಿನಕ್ಕೆ ನಾಲ್ಕು ಸಲ ಕನ್ನಡಕ ಕಳೆದುಕೊಳ್ಳುತ್ತಿದ್ದರು. ಅದು ಎದೆಯ ಮೇಲಿತ್ತು. ಎರಡೂ ಗಾಜಿಗೆ ಹಚ್ಚಿದ. ಕೊನೆಗೆ ಮಾವ. ಮಾವ ಕಳೆದರೆ ಗಾಡಿ ಓಡಿಸುವವರಾರು? ಮಾವನ ಬೋಳುತಲೆಗೆ ಅಂಗೈಯಗಲ ಹಚ್ಚಿದ.

ಮೇಷ್ಟ್ರು ಎದ್ದು ಕನ್ನಡಕ ಹಾಕಿಕೊಂಡರು. "ಅಯ್ಯೋ! ಮಂಜು ಇಳಿದಿದೆ!" ಪಂಚೆಯಿಂದ ಒರೆಸಿದರೆ ಇನ್ನೂ ಬೆಳ್ಳಗಾಯಿತು. ಬ್ಯಾಂಕಿನವರು ಯಂಕಪ್ಪನ ತಲೆ ನೋಡಿ ಹೊಟ್ಟೆ ಹಿಡಿದು ನಕ್ಕರು. ಯಂಕಪ್ಪ ತಲೆ ಮುಟ್ಟಿ ನೋಡಿಕೊಂಡ. ಯಂಕಪ್ಪ ನಗಲಿಲ್ಲ.

ಮೇಷ್ಟ್ರು ಪಾಠಕ್ಕೆ ನಿಂತರು. "ನೋಡಯ್ಯಾ ಬರಮಪ್ಪ, ಕನ್ನಡಕ ಹೋದರೆ ಕೊಳ್ಳಬಹುದು. ಮನುಷ್ಯರು ಹೋದರೆ ಏನು ಮಾಡ್ತೀಯಾ? ಮನುಷ್ಯರಿಗೆ ಸುಣ್ಣ ಬಳೀಬಾರದು, ಎಣಿಸಬೇಕು! ಏಳು ತಲೆ. ಏಳು ತಲೆ ಆಗದೆ ಗಾಡಿ ಕದಲಬಾರದು!"

"ಹೂಂ, ಅದನ್ನ ಮಾಡು," ಅಂದ ಯಂಕಪ್ಪ. "ಇದ ಕಡೀ ಸಲ. ಇನ್ನೊಂದು ತಪ್ಪು ಮಾಡಿದಿ, ನಿಮ್ಮವ್ವನ ಮುಂದ ಇಳಿಸಿ ಕೈ ತೊಳಕೋತೀನಿ."

ಬರಮಪ್ಪನಿಗೂ ಎದೆ ಢವಢವ ಅಂದಿತು. ಪೆದ್ದನಾದರೇನು, ಅವ್ವ ತಲೆ ಮೇಲೆ ಕೈ ಹೊತ್ತು ಕೂರುವುದು ಅವನಿಗೂ ಕಾಣುತ್ತಿತ್ತು. "ಏಳು ತಲಿ, ಏಳು ತಲಿ" ಅಂತ ಬಾಯಲ್ಲಿ ಜಪ ಹಿಡಿದ.

ಸ್ವಲ್ಪ ಹೊತ್ತು ಕಳೆಯಿತು. ಬರಮಪ್ಪ ಸಾಮಾನು ಕಟ್ಟಿ ಜೀಪಿಗೆ ಹಾಕಿದ. ಯಂಕಪ್ಪ ತಲೆ ತೊಳೆಯಲು ಮಡುವಿಗೆ ಬಗ್ಗಿದ. ಬಂದಾಗ ತಿಳಿಯಾಗಿದ್ದ ನೀರು ಕೆಂಪಗಾಗಿತ್ತು. ಕಡ್ಡಿ, ಎಲೆ ತೇಲಿ ಬರುತ್ತಿತ್ತು. ಆಕಾಶ ನೋಡಿದ. ತಲೆ ಮೇಲೆ ಬಿಸಿಲು, ದೂರದಲ್ಲಿ ಗುಡುಗು.

"ಹತ್ತ್ರೀ! ಹತ್ತ್ರೀ ಗಾಡಿ! ಮ್ಯಾಲ ಮಳಿ ಆಗೇತಿ, ಹಳ್ಳ ಬರಾಕತ್ತೈತಿ!"

ಎಲ್ಲರೂ ಬಿದ್ದು ಎದ್ದು ಹತ್ತಿದರು. ಯಂಕಪ್ಪ ಎಂಜಿನ್ ಚಾಲೂ ಮಾಡಿದ. ಬರಮಪ್ಪ ಜೀಪಿನ ಮುಂದೆ ಹೋಗಿ ನೆಲಕ್ಕೆ ಕೂತುಬಿಟ್ಟ! ಎರಡೂ ಕೈಯಿಂದ ಬಂಪರ್ ಹಿಡಿದುಕೊಂಡ.

"ಆರ ತಲಿ ಅದಾವ್ರೀ! ಏಳು ಆಗದ ಕದಲಬಾರದು!"

"ಏ ಮಬ್ಬ! ನಿನ್ನ ನೀ ಎಣಸಿಲ್ಲೋ!"

ಬ್ಯಾಂಕಿನವರೂ ಕೂಗಿದರು, "ಅಯ್ಯೋ ಮಾರಾಯಾ, ನಿನ್ನನ್ನ ಬಿಟ್ಟು ಎಣಿಸೀದಿ! ಹತ್ತು ಲಗೂ!"

ನೀವೂ ಹಾಗೇ ಅಂದುಕೊಂಡಿರಿ. ಮೂಲೆಯಲ್ಲಿ ಯಾರೋ ನಗುತ್ತಿರುವುದು ನನಗೆ ಕೇಳಿಸಿತು. ಸ್ವಲ್ಪ ತಡೆಯಿರಿ.

"ಇಲ್ರೀ ಮಾವ, ಮೊದ್ಲ ನನ್ನ ಎಣಸೀನಿ!" ಅಂದ ಬರಮಪ್ಪ. "ಒಂದು ನಾನು. ಎರಡು ನೀವು. ಬ್ಯಾಂಕಿನವರು ಮೂರು ಮಂದಿ, ಐದು. ಮೇಷ್ಟ್ರು ಆರು. ಅವರ ಮಗ್ಗಲದಾಗ ಇರೂದು ಹಾಸಿಗಿ ಸುರುಳಿ, ಅದಕ್ಕ ತಲಿ ಎಲ್ಲೈತಿ?"

ಮೇಷ್ಟ್ರು ಸುಣ್ಣದ ಕನ್ನಡಕದೊಳಗಿಂದ ಪಕ್ಕಕ್ಕೆ ತಿರುಗಿದರು. ಹೆಂಡತಿಯ ಶಾಲು ಕಂಡಿತು. ಕೈಯಿಂದ ಮುಟ್ಟಿದರು. ಶಾಲಿನೊಳಗೆ ಇದ್ದದ್ದು ಬರಮಪ್ಪ ಸುತ್ತಿಟ್ಟ ಹಾಸಿಗೆ! ಅವರು ಕನ್ನಡಕ ಒರೆಸುವ ಗಡಿಬಿಡಿಯಲ್ಲಿದ್ದಾಗ ಗೌರಮ್ಮ, "ನೀರು ತುಂಬಿಕೊಂಡು ಬರ್ತೀನಿ ರೀ" ಅಂದು ಹೋಗಿದ್ದರು. ಯಾರೂ ಕೇಳಿಸಿಕೊಂಡಿರಲಿಲ್ಲ.

"ಗೌರಾ! ಗೌರಾ!" ಮೇಷ್ಟ್ರು ಕೂಗಿದರು. ಬಂಡೆಗಳೂ ಗೌರಾ ಗೌರಾ ಅಂದವು. ಎಡದಿಂದಲೂ ಅಂದವು, ಬಲದಿಂದಲೂ ಅಂದವು. ಉತ್ತರ ಯಾವ ಕಡೆಯದೆಂದು ಯಾರಿಗೆ ಗೊತ್ತು? ಮೇಲುಗಡೆ ಹಳ್ಳದ ಸದ್ದು ಶುರುವಾಗಿತ್ತು.

"ಬರಮ್ಯಾ, ಅಮ್ಮಾರು ಯಾ ಕಡೆ ಹೋದ್ರು, ನೋಡಿಯೇನೋ?"

"ಅಮ್ಮಾರು ಎಲ್ಲದಾರ ನನಗೇನ ಗೊತ್ರೀ? ಅವರ ಚಪ್ಪಲಿ ಎಲ್ಲದಾವ ಗೊತ್ತೈತಿ."

ನೆಲಕ್ಕೆ ಬೆರಳು ತೋರಿಸಿದ. ಕೆಂಪು ಬಂಡೆಯ ಮೇಲೆ ಬೆಳ್ಳಗೆ ಒಂದು ಹೆಜ್ಜೆ. ಮುಂದೆ ಇನ್ನೊಂದು. ಮತ್ತೊಂದು. ಹೆಜ್ಜೆಗಳು ಬಂಡೆ ಬಳಸಿ ಎಡಗಡೆಯ ಸೀಳಿನೊಳಗೆ ಹೋಗಿದ್ದವು. ಯಂಕಪ್ಪ, ಬರಮಪ್ಪ ಓಡಿದರು. ಗೌರಮ್ಮ ಅಲ್ಲಿ ಬಂಡೆಯಿಂದ ತೊಟ್ಟಿಕ್ಕುವ ನೀರಿಗೆ ಬಾಟಲಿ ಹಿಡಿದು, ತಮ್ಮ ಪಾಡಿಗೆ ತಾವು ಹಾಡು ಗುನುಗುತ್ತ ಕೂತಿದ್ದರು.

"ಎತ್ತೋ!" ಅಂದ ಯಂಕಪ್ಪ. ಬರಮಪ್ಪ ಎತ್ತಿದ. ಬಾಟಲಿ ಸಮೇತ, ಚಪ್ಪಲಿ ಸಮೇತ ತಂದು ಜೀಪಿನಲ್ಲಿ ಕೂರಿಸಿದ. ತಾನೂ ಹತ್ತಿದ. "ಏಳು! ಬಿಡ್ರೀ ಮಾವ!"

ನಾಲ್ಕೂ ಗಾಲಿ ಕಲ್ಲು ಕಚ್ಚಿದವು. ಜೀಪು ಮುಲುಗುತ್ತ ದಿಬ್ಬ ಹತ್ತಿತು. ಹಿಂತಿರುಗಿ ನೋಡಿದರೆ, ಆಗಷ್ಟೇ ಮಲಗಿದ್ದ ನೆರಳಿನ ಜಾಗದಲ್ಲಿ ಕೆಂಪು ನೀರು ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಮೇಷ್ಟ್ರು ಒಂದು ಕೈಯಲ್ಲಿ ಹೆಂಡತಿಯ ಕೈ ಹಿಡಿದರು, ಇನ್ನೊಂದು ಕೈಯಲ್ಲಿ ಬರಮಪ್ಪನದು. ತಾವೇ ಒಂದೊಂದು ತಲೆ ಮುಟ್ಟಿ ಎಣಿಸಿದರು. ಏಳು. ಮತ್ತೆ ಎಣಿಸಿದರು. ಏಳೇ. ಆಮೇಲೆ ಮಗುವಿನ ಹಾಗೆ ಅತ್ತರು. ಯಂಕಪ್ಪ ಬರಮಪ್ಪನ ಬೆನ್ನಿಗೆ ಗುದ್ದಿದ. ಸಿಟ್ಟಿನ ಗುದ್ದಲ್ಲ ಅದು, ಜೀವ ಬಂದವನ ಗುದ್ದು.

ಪ್ರವಾಸಿಗರನ್ನು ಬಸ್ಸಿಗೆ ಹತ್ತಿಸಿ ಜೀಪು ಕೆಮ್ಮಣಗಿಗೆ ಬಂತು. ಫಕೀರವ್ವ ಬಾಗಿಲಲ್ಲೇ ಇದ್ದಳು. ಮೊದಲು ಕಂಡದ್ದು ತಮ್ಮನ ತಲೆ ಮೇಲಿನ ಸುಣ್ಣ. ಅವಳ ಎದೆ ಧಸಕ್ಕೆಂದಿತು. "ಇಳಸಾಕ ಬಂದಿ, ಹೌದಲ್ಲ ಯಂಕಪ್ಪಾ?"

"ಇಲ್ಲಕ್ಕಾ," ಅಂದ ಯಂಕಪ್ಪ. "ನಾಳೆ ಮುಂಜಾನೆ ಮತ್ತ ಕರಕೊಂಡ ಹೋಗ್ತೀನಿ ಅಂತ ಹೇಳಾಕ ಬಂದೀನಿ. ನಾ ಇರೂತನ ಇವ ನನ್ನ ಸಂಗಟ."

ಫಕೀರವ್ವ ಹೊಸ್ತಿಲ ಮೇಲೆ ಕುಸಿದಳು. ಅತ್ತಳು, ನಕ್ಕಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಎಷ್ಟೋ ವರ್ಷದ ಭಾರ ಅವತ್ತು ಇಳಿಯಿತು. ಅವತ್ತು ಅವಳು ಕಣ್ತುಂಬ ನಿದ್ದೆ ಮಾಡಿದಳು.

ಬೆಳಗಾಯಿತು. ಯಂಕಪ್ಪ ಬಂದ. ಹೊಸ ಪ್ರವಾಸಿಗರು ತಾಲೂಕಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು. "ಬರಮೂ, ಹತ್ತು, ಹೊತ್ತಾತು!"

"ಬಂದೇ ಮಾವ, ಎರಡ ತಲಿ ಅದಾವ, ಇನ್ನೂ ಐದು ಬೇಕು!"

ಯಂಕಪ್ಪ ಚಹಾ ಕುಡಿದು ಹೊರಗೆ ಬಂದು ನೋಡುತ್ತಾನೆ, ಜೀಪು ತುಂಬಿದೆ. ಮುಂದಿನ ಸೀಟಿನಲ್ಲಿ ಅರ್ಧ ತಲೆ ಬಾಚಿಕೊಂಡ ಫಕೀರವ್ವ, ಕೈಯಲ್ಲಿ ಬಾಚಣಿಕೆ. ಹಿಂದೆ ಮೇಷ್ಟ್ರು ಕೂತ ಜಾಗದಲ್ಲಿ, ಗೌರಮ್ಮ ಕೂತ ಜಾಗದಲ್ಲಿ, ಸಾಲಾಗಿ ನಾಲ್ಕು ಆಡು!

"ಒಂದು ನಾನು, ಎರಡು ನೀವು, ಮೂರು ಯವ್ವ, ನಾಕು ಆಡು. ಏಳು ತಲಿ! ನೀವು ಹೇಳಿದಂಗ ಮಾಡೀನ್ರೀ ಮಾವ!"

ಯಂಕಪ್ಪ ಬಾಯಿ ತೆರೆದ, ಬೈಯಬೇಕೆಂದು. ಆಮೇಲೆ ಕೆಂಪು ನೀರು ನೆನಪಾಯಿತೋ ಏನೋ, ಬಾಯಿ ಮುಚ್ಚಿದ. ಅಕ್ಕನ ಕಡೆ ನೋಡಿದ. ಫಕೀರವ್ವ ಆಡಿನ ಕೊಂಬು ಪಕ್ಕಕ್ಕೆ ಸರಿಸಿ, ಉಳಿದರ್ಧ ತಲೆ ಬಾಚಿಕೊಳ್ಳುತ್ತ ಅಂದಳು:

"ಬಿಡಪಾ ತಮ್ಮಾ ಗಾಡಿ. ಎಣಿಕಿ ಸರಿ ಐತಿ."