ಬೋರಕ್ಕನ ಎಲಚಿ ಗಿಡ

ಮಳೆರಾಯ ದಾರಿ ಮರೆತ ಒಂದು ಮರಳುಸೀಮೆ, ಆ ಸೀಮೆಯಲ್ಲಿ ಒಂದಾನೊಂದು ಊರು. ಆ ಊರಲ್ಲಿ ಅಣ್ಣತಮ್ಮಂದಿರನ್ನ ಮದುವೆಯಾಗಿ ಬಂದ ಇಬ್ಬರು ವಾರಗಿತ್ತಿಯರು ಇದ್ರಂತೆ. ದೊಡ್ಡವಳು ಬೋರಕ್ಕ, ಚಿಕ್ಕವಳು ಪಾಲಕ್ಕ. ಬೋರಕ್ಕ ಭಾಳ ಅಚ್ಚುಕಟ್ಟು. ಅವಳ ಅಂಗಳದಲ್ಲಿ ಅನ್ನ ಚೆಲ್ಲಿದ್ರೂ ಆಯ್ದು ಉಣ್ಣಬೋದಿತ್ತು. ಪಾಲಕ್ಕ ಹಂಗಲ್ಲ, ಗುಡಿಸಿದ್ರೆ ಗುಡಿಸಿದ್ಲು, ಬಿಟ್ರೆ ಬಿಟ್ಲು.

ಅತ್ತೆ ಸಾಯೋ ಮುಂಚೆ ಇಬ್ಬರನ್ನೂ ಕರೆದು ಪಾಲು ಹಂಚಿದ್ಲಂತೆ. ಒಬ್ಬೊಬ್ಬಳಿಗೆ ಮೂರು ಮೂರು ಮೇಕೆ, ಒಂದೊಂದು ಎಲಚಿ ಗಿಡ. ಗಿಡ ಎರಡೂ ಅಕ್ಕಪಕ್ಕ, ಒಂದೇ ಎತ್ತರ, ಒಂದೇ ಮರಳು.

"ಬೇಸಿಗೆಯಲ್ಲಿ ಇಲ್ಲಿ ಬೇರೆ ಹಸಿರಿಲ್ಲ ಕಣ್ರವ್ವ. ಗಿಡ ಉಳಿದ್ರೆ ಮೇಕೆ, ಮೇಕೆ ಉಳಿದ್ರೆ ನೀವು" ಅಂದು ಕಣ್ಣು ಮುಚ್ಚಿದ್ಲಂತೆ.

ಬೋರಕ್ಕ ಮಾರನೇ ದಿನವೇ ತನ್ನ ಗಿಡದ ಸುತ್ತ ಮುಳ್ಳುಬೇಲಿ ಹಾಕಿದ್ಲು. ಮೇಕೆ ಒಳಗೆ ಬರೋಹಂಗಿಲ್ಲ, ಹಕ್ಕಿ ಕೂರೋಹಂಗಿಲ್ಲ. ಸೊಪ್ಪು ತಾನೇ ಕೊಯ್ದು ಕೊಟ್ಟಿಗೆಗೆ ಒಯ್ದು ಹಾಕೋಳು. ಬೆಳಗಾದ್ರೆ ಪೊರಕೆ ಹಿಡಿದು ಗಿಡದ ಬುಡ ಗುಡಿಸೋಳು. ಉದುರಿದ ಎಲೆ, ಗಾಳಿ ತಂದ ಧೂಳು, ಎಲ್ಲಾ ಬುಟ್ಟಿಗೆ. ಕೊಟ್ಟಿಗೆ ಹಿಕ್ಕೆಯೂ ಅದೇ ಬುಟ್ಟಿಗೆ. ಆ ಬುಟ್ಟಿ ಎಲ್ಲಿಗೆ ಹೋಗ್ತಿತ್ತು ಅಂತೀರಿ? ಬೇಲಿ ಮೇಲಿಂದ ಪಾಲಕ್ಕನ ಗಿಡದ ಬುಡಕ್ಕೆ!

"ಅವಳ ಬುಡ ತಿಪ್ಪೆಯಾಗ್ಲಿ, ನಂದು ಕನ್ನಡಿ ಹಂಗಿರ್ಲಿ" ಅನ್ನೋಳಂತೆ.

ಪಾಲಕ್ಕ ಬ್ಯಾಡ ಅನ್ನಲಿಲ್ಲ, ಆ ಕಸ ಗುಡಿಸಲೂ ಇಲ್ಲ. ಅವಳ ಮೇಕೆಗಳು ಆ ಕಸದ ಮೇಲೇ ಮಲಗಿ ಮೆಲುಕು ಹಾಕೋವು. ಗೌಜಲಕ್ಕಿ ಬಂದು ಕೆದಕೋದು. ಹಾವುರಾಣಿ, ಓತಿಕ್ಯಾತ, ಬಿಸಿಲಿಗೆ ಬೆಂದ ಜೀವ ಎಲ್ಲಾ ಅಲ್ಲೇ.

ಬೇಸಿಗೆ ಬಂತು. ಬೋರಕ್ಕನ ಗಿಡ ಹಳದಿಗೆ ತಿರುಗ್ತು. ಪಾಲಕ್ಕನ ಗಿಡ ಕೊಂಬೆ ತುಂಬ ಹಸಿರು. ನೋಡಿದ ಬೋರಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಉಂಡಿದ್ದು ಸೇರದು, ಕಣ್ಣಿಗೆ ನಿದ್ದೆ ಹತ್ತದು.

"ಮುದುಕಿ ಸಾಯೋವಾಗ್ಲೂ ಭೇದ ಮಾಡಿದ್ಲು, ಒಳ್ಳೇದನ್ನ ನಿಂಗೇ ಕೊಟ್ಲು. ಗಿಡ ಬದಲಾಯಿಸ್ಕೊಳ್ಳೋಣ ಬಾ" ಅಂದ್ಲು.

"ಆಗ್ಲಿ ಬಿಡಕ್ಕ" ಅಂದ್ಲು ಪಾಲಕ್ಕ.

ಬದಲಾಯಿಸ್ಕೊಂಡ್ರು. ಬೋರಕ್ಕ ಬೇಲಿ ಕಿತ್ತು ಈ ಕಡೆ ನೆಟ್ಲು, ಬುಟ್ಟಿಯ ಕಸ ಆ ಕಡೆ ಎಸೆಯೋಕೆ ಶುರು ಮಾಡಿದ್ಲು. ಒಂದು ವರ್ಷ ತುಂಬೋದ್ರೊಳಗೆ ಬಾಡಿದ ಗಿಡ ಪಾಲಕ್ಕನ ಕೈಲಿ ಚಿಗುರಿತು, ಚಿಗುರಿದ ಗಿಡ ಬೋರಕ್ಕನ ಕೈಲಿ ಬಾಡಿತು. ಮತ್ತೆ ಬದಲಾಯಿಸ್ಕೊಂಡ್ರು. ಮತ್ತೆ ಅದೇ ಕಥೆ.

ಮೂರನೇ ಬೇಸಿಗೆಗೆ ಬೋರಕ್ಕನ ಗಿಡದಲ್ಲಿ ಮುಳ್ಳು ಬಿಟ್ರೆ ಇನ್ನೇನಿಲ್ಲ. ಒಂದು ಮೇಕೆ ನೆಲ ಹಿಡೀತು, ಇನ್ನೆರಡು ನಿಂತಲ್ಲೇ ತೂರಾಡ್ತಿದ್ವು. ಪಕ್ಕದಲ್ಲಿ ಪಾಲಕ್ಕನ ಮೇಕೆ ಮುಂಗಾಲೆತ್ತಿ ಸೊಪ್ಪು ಮೇಯ್ತಿದ್ವು.

"ನಂಗಿಲ್ದಿದ್ದು ಅವಳಿಗೂ ಬ್ಯಾಡ" ಅಂದವಳೇ ಬೋರಕ್ಕ ನಡುಮಧ್ಯಾಹ್ನ ಕೊಡಲಿ ಹಿಡ್ಕೊಂಡು ಪಾಲಕ್ಕನ ಗಿಡದ ಹತ್ರ ಹೋದ್ಲಂತೆ. ಕೊಡಲಿ ಎತ್ತಿದ್ಲು ನೋಡಿ, ಗಿಡ ಮುಳ್ಳಲ್ಲಿ ಅವಳ ಸೆರಗು ಹಿಡ್ಕೊಂಡು ಮಾತಾಡ್ತಂತೆ.

"ಕಡಿಯೋದಾದ್ರೆ ಕಡಿ ತಾಯಿ. ಆದ್ರೆ ಉಣಿಸಿದವಳೇ ಕಡೀತೀಯಲ್ಲ, ಅದೇ ನಂಗೆ ಬೇಜಾರು."

"ನಾನೇನು ಉಣಿಸಿದೆ ನಿಂಗೆ?"

"ಈ ಬರೀ ಮರಳಲ್ಲಿ ಏನೈತೆ ಉಣ್ಣಾಕೆ? ಗಾಳಿ ತಂದ ಧೂಳು ತಡೆದು ಬುಡಕ್ಕೆ ಹಾಕ್ಕೊಂತೀನಿ. ನನ್ನೆಲೆ ನಾನೇ ಉದುರಿಸಿ, ಕೊಳೆಸಿ ತಿಂತೀನಿ. ನೆರಳಿಗೆ ಬಂದ ಮೇಕೆ ನಾಕು ಎಲೆ ತಿಂದು ಹಿಡಿ ಹಿಕ್ಕೆ ಕೊಡ್ತದೆ. ಅದೇ ನನ್ನ ಅನ್ನ. ಹೋದ ವರ್ಷ ನಿನ್ನ ಕೈಗೆ ಬಂದೆ, ದಿನಾ ತಟ್ಟೆ ಗುಡಿಸಿ ಉಪವಾಸ ಕೆಡವಿದೆ. ಈ ವರ್ಷ ಇವಳ ಕೈಲಿದೀನಿ, ಇವಳ ಪಾಲು ಇವಳೂ ಕೊಟ್ಲು, ನಿನ್ನ ಪಾಲು ನೀನೂ ಬುಟ್ಟಿ ಬುಟ್ಟಿ ತಂದು ಸುರಿದೆ."

ಬೋರಕ್ಕನ ಕೈಯಿಂದ ಕೊಡಲಿ ಜಾರಿಬಿತ್ತು. ಮೂರು ವರ್ಷ ಯಾರ ಹಸಿರು ನೋಡಿ ಹೊಟ್ಟೆ ಉರ್ಕೊಂಡಿದ್ಲೋ ಆ ಹಸಿರಿಗೆ ಗೊಬ್ಬರ ಹೊತ್ತೋಳು ತಾನೇ! ನಾಚಿಕೆಯಾಯ್ತು, ಅಳು ಬಂತು, ಅಳುವಿನ ಜೊತೆ ಸಿಟ್ಟೂ ಬಂತು. ಸೀದಾ ಪಾಲಕ್ಕನ ಮನೆಗೆ ಹೋದ್ಲು.

"ನಿಂಗಿದು ಗೊತ್ತಿತ್ತೇನೇ?"

"ಗೊತ್ತಿತ್ತಕ್ಕ."

"ಹೇಳಬಾರದಿತ್ತಾ?"

"ಕಸ ಈ ಕಡೆ ಹಾಕ್ಬ್ಯಾಡಕ್ಕ, ಅದು ಗೊಬ್ಬರ, ನಿನ್ನ ಗಿಡಕ್ಕೇ ಇರ್ಲಿ ಅಂದಿದ್ರೆ ನೀನು ನಂಬ್ತಿದ್ಯಾ? ಇದರಲ್ಲೇನೋ ಮಸಲತ್ತು ಐತೆ ಅಂತ ಬೀದಿಗೆ ಎಸೀತಿದ್ದೆ. ಇಬ್ಬರಿಗೂ ಇಲ್ದಂಗಾಗ್ತಿತ್ತು" ಅಂದ ಪಾಲಕ್ಕ ತಲೆ ತಗ್ಗಿಸಿದ್ಲು. "ಹಂಗಂತ ನಾನು ಸುಮ್ನಿದ್ದದ್ದೂ ತಪ್ಪೇ ಕಣಕ್ಕ. ಮೇಕೆ ಬಿದ್ದೋದ ಮೇಲಾದ್ರೂ ಹೇಳಬೇಕಿತ್ತು."

ಬೋರಕ್ಕ ಅವಳ ಪಕ್ಕ ಕೂತ್ಲು. "ನಿನ್ನ ಮೇಕೆ ನಾಕು ದಿನ ನನ್ನ ಗಿಡದ ಬುಡದಾಗೆ ಮಲಗ್ಲಿ ಕಣವ್ವ" ಅಂತ ಕೈ ಹಿಡ್ಕೊಂಡ್ಲಂತೆ.

ಅವತ್ತೇ ಇಬ್ಬರೂ ಸೇರಿ ಬೇಲಿ ಕಿತ್ರು. ಬೋರಕ್ಕನ ಮೇಕೆಗೆ ಪಾಲಕ್ಕ ತನ್ನ ಗಿಡದ ಸೊಪ್ಪು ಕೊಯ್ದು ಹಾಕಿದ್ಲು. ಬಿದ್ದ ಮೇಕೆ ಮೂರನೇ ದಿನಕ್ಕೆ ಎದ್ದು ನಿಂತಿತು. ಮುಂದಿನ ಬೇಸಿಗೆಗೆ ಎರಡು ಗಿಡವೂ ಹಸಿರಾದ್ವು.

ಹಂಗಾದ್ರೆ ಬೋರಕ್ಕನ ಹೊಟ್ಟೆಕಿಚ್ಚು ಆರಿಹೋಯ್ತಾ ಅಂತ ಕೇಳ್ತೀರಿ. ಎಲ್ಲಿ ಆರೀತು! "ನಿನ್ನ ಮೇಕೆ ನಿನ್ನ ಗಿಡಕ್ಕೇ ಜಾಸ್ತಿ ಹಿಕ್ಕೆ ಹಾಕ್ತಾವೆ ಕಣೇ" ಅಂತ ಸಾಯೋವರೆಗೂ ಪಾಲಕ್ಕನ ಜೊತೆ ಜಗಳ ಆಡಿದ್ಲಂತೆ. ಅವರ ಗಿಡ ಅಲ್ಲಿ ಹಣ್ಣು ಬಿಡ್ತಾನೇ ಐತೆ, ನಾವಿಲ್ಲಿ ಬಾಯಿ ಚಪ್ಪರಿಸ್ಕೊಂಡು ಕೂತಿದೀವಿ.