ಮಳೆಗೆ ಹೆದರಿದ ಕೊಡೆ

“ಕೊಡೆಯಾಗಿ ಹುಟ್ಟಿ ಮಳೆಗೆ ಹೆದರ್ತೀರಲ್ರೀ! ನೆನೆದರೆ ನೆನೆಯೋಣ, ಲಂಡನ್ ತೋರಿಸ್ರೀ,” ಅಂದಿತು ಬೀರುವಿನೊಳಗಿನ ಹೆಂಡತಿ ಸ್ವೆಟರು. ಅದರ ತೋಳಿಗೆ ಆಗಲೇ ನುಸಿ ಹತ್ತಿತ್ತು. ಅದೇ ಅದರ ಕೊನೆಯ ಮಾತು.

“ತಡಿಯೇ, ಮೇ ಬರಲಿ. ಚಳಿಗಾಲದಲ್ಲಿ ಅಲ್ಲಿ ಹಿಮ, ಜೂನ್ ಬಂದರೆ ಜನವೋ ಜನ, ಆಮೇಲೆ ಬರೀ ಮಳೆ,” ಅಂದಿತು ಗಂಡ ಕೊಡೆ. ಪ್ರತಿ ವರ್ಷ ಹೇಳುತ್ತಿದ್ದುದೂ ಅದನ್ನೇ.

ಮೇ ಒಂದನೇ ತಾರೀಕು ಕೊಡೆ ಕರೆಯಿತು, “ಏಳೇ, ಹೊರಡೋಣ.”

ಬೀರು ತೆರೆದು ನೋಡಿತು. ನುಸಿ ತಿಂದು ಒಂದೆಳೆ ಉಣ್ಣೆ ಮಾತ್ರ ಉಳಿದಿತ್ತು. ಆ ದಿನವೆಲ್ಲ ಕೊಡೆ ಮಡಚಿಕೊಂಡೇ ನಿಂತಿತು.

ಮರುದಿನ ಬೆಳಿಗ್ಗೆ ಆ ಎಳೆಯನ್ನು ಹಿಡಿಗೆ ಸುತ್ತಿಕೊಂಡು, ಒಂಟಿ ಕಾಲಲ್ಲಿ ಲಂಡನ್ನಿಗೆ ಹೊರಟಿತು. ದಾರಿಯಲ್ಲೇ ಮಳೆ ಹಿಡಿಯಿತು. ಎಳೆ ನೆನೆಯಬಾರದೆಂದು ಕೊಡೆ ಮೊದಲ ಸಲ ಪೂರ್ತಿ ಬಿಚ್ಚಿಕೊಂಡಿತು.