ಉಕ್ಕದ ಹಾಲು

ಹುಲಿಗುಡ್ಡದ ದೊರೆ ರಣಮಲ್ಲ ನಾಯಕನಿಗೆ ಒಂದು ಜಂಬ. ಬಂದವರಿಗೆಲ್ಲ ಹೇಳುತ್ತಿದ್ದ: "ನನ್ನ ಅಪ್ಪಣೆ ಇಲ್ಲದೆ ಈ ಅರಮನೆಯಲ್ಲಿ ಬೆಕ್ಕು ಕೂಡ ಮಿಯಾಂವ್ ಅನ್ನಲ್ಲ! ಒಂದು ಸಲ ಅಪ್ಪಣೆ ಮಾಡಿದೆನೋ, ಮತ್ತೆ ಹಿಂದಕ್ಕೆ ತಗೊಳ್ಳೋ ಮಾತೇ ಇಲ್ಲ."

ಇಂಥ ದೊರೆ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಹಿತ್ತಲಿಗೆ ಹೋಗಿ ಹಲಸಿನಹಣ್ಣು ಬಿಡಿಸಲು ಕೂತ. ಕೈಗೆ ಎಣ್ಣೆ ಸವರಿಕೊಳ್ಳಬೇಕು ಅನ್ನೋದು ಮನೆಮನೆಯ ಮಕ್ಕಳಿಗೂ ಗೊತ್ತು. ದೊರೆಗೆ ಗೊತ್ತಿಲ್ಲ. ಹಲಸಿನ ಮೇಣ ಬೆರಳಿಗೆ ಅಂಟಿತು. ಬೆರಳು ಮೀಸೆಗೆ ಅಂಟಿತು. ಎಳೆದರೆ ಮೀಸೆ ಬರುತ್ತೆ, ಬಿಟ್ಟರೆ ಮಾನ ಹೋಗುತ್ತೆ.

"ಬೊಮ್ಮಕ್ಕಾ! ಓ ಬೊಮ್ಮಕ್ಕಾ!" ಎಂದು ಕಿರುಚಿದ.

ಅಡುಗೆಯ ಬೊಮ್ಮಕ್ಕ ಒಲೆಯ ಮೇಲೆ ಹಾಲಿಟ್ಟಿದ್ದಳು. ಹಾಗೇ ಬಿಟ್ಟು ಎಣ್ಣೆ ಬಟ್ಟಲು ಹಿಡಿದು ಓಡಿದಳು. ಮೀಸೆಗೆ ಎಣ್ಣೆ ತಿಕ್ಕಿ, ಬೆರಳು ಒಂದೊಂದಾಗಿ ಬಿಡಿಸುವ ಹೊತ್ತಿಗೆ ಅತ್ತ ಹಾಲು ಉಕ್ಕಿ, ಒಲೆ ಆರಿ, ಅರಮನೆಯ ತುಂಬ ಸೀದ ವಾಸನೆ.

ದೊರೆಗೆ ಮೀಸೆಯ ಸಿಟ್ಟು ತೀರಿಸಿಕೊಳ್ಳಲು ಒಂದು ದಾರಿ ಸಿಕ್ಕಿತು.

"ನನ್ನ ಅರಮನೆಯಲ್ಲಿ ಹಾಲು ಉಕ್ಕೋದಾ! ಕೇಳಿ ಎಲ್ಲರೂ. ಇವತ್ತಿನಿಂದ, ಯಾವ ಒಲೆಯೇ ಇರಲಿ, ಹಾಲು ಉಕ್ಕಿಸಿದವರು ಸಂಜೆಯೊಳಗೆ ಕೋಟೆ ಬಾಗಿಲು ದಾಟಬೇಕು!"

ಪಕ್ಕದಲ್ಲಿ ಪಂಪಣ್ಣ ನಿಂತಿದ್ದ. ಹೆಸರಿಗೆ ಆಸ್ಥಾನದ ಮಾತುಗಾರ. ಆದರೆ ಊರ ಹೆಂಗಸರಿಗೆ ಬೇಕಾಗಿದ್ದವನು ಬೇರೆ ಕಾರಣಕ್ಕೆ. ಸಾರಿಗೆ ಉಪ್ಪು ಜಾಸ್ತಿಯಾಯಿತೇ? "ಅನ್ನದ ಉಂಡೆ ಬಟ್ಟೇಲಿ ಕಟ್ಟಿ ಮುಳುಗಿಸವ್ವಾ." ಬೆಲ್ಲಕ್ಕೆ ಇರುವೆಯೇ? "ಡಬರಿ ನೀರಿನ ತಟ್ಟೇಲಿಡು, ಇರುವೆಗೆ ಈಜು ಬರಲ್ಲ." ಹಿಂಗೆ ಎಲ್ಲದಕ್ಕೂ ಅವನ ಹತ್ತಿರ ಒಂದು ಉಪಾಯ.

ಪಂಪಣ್ಣ ಮೆಲ್ಲಗೆ ಕೇಳಿದ: "ಯಾರೇ ಉಕ್ಕಿಸಿದರೂನಾ, ಬುದ್ಧಿ?"

"ಯಾರೇ ಆಗಲಿ! ನಾನೇ ಆದರೂ ಸರಿ!"

"ಆಯ್ತು ಬುದ್ಧಿ," ಅಂದ ಪಂಪಣ್ಣ, ಯಾಕೋ ಬಹಳ ಸಂತೋಷವಾದವನ ಹಾಗೆ.

ಬೊಮ್ಮಕ್ಕ ಗಂಟು ಕಟ್ಟುತ್ತಾ ಕಣ್ಣೊರೆಸಿಕೊಂಡಳು. "ಇಪ್ಪತ್ತು ವರ್ಷ ಇವರಿಗೆ ಬೇಯಿಸಿ ಹಾಕಿದೆ ಪಂಪಣ್ಣಾ. ಈ ವಯಸ್ಸಲ್ಲಿ ಯಾರ ಮನೆ ಒಲೆ ಊದಲಿ?"

"ಎಲ್ಲೂ ದೂರ ಹೋಗಬೇಡ ಕಣಕ್ಕಾ. ಕೋಟೆ ಹೊರಗೆ ನಿನ್ನ ತಂಗಿ ಮನೆ ಇದೆಯಲ್ಲ, ಅಲ್ಲೇ ಇರು. ಕೋಟೆಯೊಳಗೆ ಕೆರೆ ದಂಡೆಯ ಹೊಸ ಅರಮನೆಗೆ ಶುಕ್ರವಾರ ಗೃಹಪ್ರವೇಶ ಅಲ್ವಾ?"

"ಅದಕ್ಕೂ ನನಗೂ ಏನು?"

"ಗೃಹಪ್ರವೇಶದಲ್ಲಿ ಮೊದಲು ಏನು ಮಾಡ್ತಾರೆ?"

ಬೊಮ್ಮಕ್ಕನ ಅಳು ಅರ್ಧಕ್ಕೇ ನಿಂತಿತು. "ಅಯ್ಯೋ ಶಿವನೇ!" ಎಂದು ಸೆರಗು ಬಾಯಿಗೆ ಇಟ್ಟುಕೊಂಡಳು.

ಶುಕ್ರವಾರ ಬಂತು. ಹೊಸ ಅರಮನೆಯ ನಡುಮನೆಯಲ್ಲಿ ಹೊಸ ಒಲೆ, ಹೊಸ ಪಾತ್ರೆ, ಮುಂದೆ ರಾಣಿ ಮುದ್ದಾಜಿ. ಊರೆಲ್ಲ ಸುತ್ತ ನೆರೆದಿತ್ತು. ಹಾಲು ಉಕ್ಕಿ ಚೆಲ್ಲಿದರೆ ಮನೆಗೆ ಸಮೃದ್ಧಿ. ಅದಾದ ಮೇಲೆಯೇ ಉಳಿದ ಶಾಸ್ತ್ರ. ಪಾತ್ರೆ ತಂದಿಟ್ಟವನು ಪಂಪಣ್ಣ. ಅದರ ಬಾಯಿಯ ಸುತ್ತ ಒಳಗಡೆ ದಪ್ಪಗೆ ಬೆಣ್ಣೆ ಸವರಿದ್ದನ್ನು ಯಾರೂ ನೋಡಲಿಲ್ಲ.

ಹಾಲು ಕಾಯಿತು. ಬುರುಬುರು ಏಳುತ್ತಾ ಬಂತು. ಎಲ್ಲರೂ ಕತ್ತು ಚಾಚಿದರು. ಅಂಚಿನ ತನಕ ಬಂದ ಹಾಲು, ಬೆಣ್ಣೆ ತಾಗಿದ್ದೇ ತಡ, ಸೊರ್ರನೆ ಇಳಿದು ಕೂತಿತು. ಮತ್ತೆ ಎದ್ದಿತು. ಮತ್ತೆ ಕೂತಿತು.

ನರಹರಿ ಜೋಯಿಸರು ಬೆವರಿದರು. "ಮುಹೂರ್ತ ಮೀರ್ತಾ ಇದೆ ಪ್ರಭು! ಹಾಲು ಉಕ್ಕದೆ ಮುಂದಿನ ಶಾಸ್ತ್ರ ಮಾಡೋ ಹಾಗಿಲ್ಲ!"

"ಏನಾಗಿದೆ ಈ ಹಾಲಿಗೆ?" ದೊರೆ ಗುಡುಗಿದ.

"ಅದಕ್ಕೇನೂ ಆಗಿಲ್ಲ ಬುದ್ಧಿ," ಅಂದ ಪಂಪಣ್ಣ. "ತಮ್ಮ ಅಪ್ಪಣೆ ಅದರ ಕಿವಿಗೂ ಬಿದ್ದಿದೆ. ಪಾಪ, ಹೆದರಿಕೊಂಡಿದೆ."

"ಕುಚೋದ್ಯ ಸಾಕು! ನಿನ್ನ ಹತ್ತಿರ ಎಲ್ಲದಕ್ಕೂ ಉಪಾಯ ಇರುತ್ತಲ್ಲ, ಮಾಡು!"

"ಉಪಾಯ ಸುಲಭ. ಪಾತ್ರೆ ಅಂಚಲ್ಲಿ ಬೆಣ್ಣೆ ಇದೆ. ಒದ್ದೆ ಬಟ್ಟೇಲಿ ಒರೆಸಿದರೆ ಗಳಿಗೆಯಲ್ಲಿ ಉಕ್ಕುತ್ತೆ. ಆದರೆ ನಾನು ಒರೆಸಲ್ಲ ಬುದ್ಧಿ. ನನಗೆ ಹೆಂಡತಿ ಮಕ್ಕಳಿದ್ದಾರೆ, ಸಂಜೆಯೊಳಗೆ ಎಲ್ಲಿಗೆ ಹೋಗಲಿ? ಜೋಯಿಸರೇ, ನೀವು?"

ಜೋಯಿಸರು ಎರಡು ಹೆಜ್ಜೆ ಹಿಂದೆ ಸರಿದರು.

ರಾಣಿ ತಿರುಗಿ ಗಂಡನ ಕಡೆ ನೋಡಿದಳು. "ನಾನೇ ಒರೆಸಲೇನು? ಒರೆಸಿ, ಹಾಗೇ ತವರಿಗೆ ಹೊರಟುಬಿಡ್ತೀನಿ. ತಮ್ಮ ಮಾತೂ ಉಳಿಯುತ್ತೆ."

ಜನರ ನಡುವೆ ಕಿಸಕ್ಕೆಂದು ಒಂದು ನಗು. ಜೋಯಿಸರು "ಪ್ರಭು, ಮುಹೂರ್ತ!" ಎಂದರು. ದೊರೆಯ ಮುಖ ಕೆಂಪಗಾಯಿತು, ಬೆಳ್ಳಗಾಯಿತು, ಮತ್ತೆ ಕೆಂಪಗಾಯಿತು. ಕೊನೆಗೆ ಒದ್ದೆ ಬಟ್ಟೆ ಕಿತ್ತುಕೊಂಡು, ತಾನೇ ಮುಂದೆ ಬಗ್ಗಿ, ಬೆರಳು ಸುಟ್ಟುಕೊಂಡು, ಅಂಚು ಒರೆಸಿದ.

ಭುಸ್ಸೆಂದು ಹಾಲು ಉಕ್ಕಿ ನಾಲ್ಕೂ ಕಡೆ ಚೆಲ್ಲಿತು. ಜನ ಹೋ ಎಂದರು. ವಾದ್ಯ ಮೊಳಗಿತು.

ವಾದ್ಯ ನಿಂತ ಮೇಲೆ ಪಂಪಣ್ಣ ಕೈಮುಗಿದ. "ಗಾಡಿ ಕಟ್ಟಿಸಿದ್ದೀನಿ ಬುದ್ಧಿ."

"ಯಾಕೆ?"

"ಸಂಜೆಯೊಳಗೆ ಕೋಟೆ ಬಾಗಿಲು ದಾಟಬೇಕಲ್ಲ."

ದೊರೆ ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡು ನಿಂತ. ಮಾತು ಹಿಂದಕ್ಕೆ ತಗೊಳ್ಳಲು ಜಂಬ ಬಿಡದು. ಸುಮ್ಮನೆ ಇರಲು ಊರು ಬಿಡದು. ಕೊನೆಗೆ ಎಳೆದ ದನಿಯಲ್ಲಿ ಕೇಳಿದ: "ಆಯ್ತು, ಹೋಗ್ತೀನಿ ಅಂತಲೇ ಇಟ್ಕೋ. ಕೋಟೆ ಹೊರಗೆ ನನಗೆ ಅಡುಗೆ ಮಾಡಿ ಹಾಕೋರು ಯಾರೋ?"

"ಆ ಚಿಂತೆ ಬೇಡ ಬುದ್ಧಿ," ಅಂದ ಪಂಪಣ್ಣ. "ಹೀಗಾಗುತ್ತೆ ಅಂತ ಗೊತ್ತಿದ್ದೇ ಅಲ್ವೇ, ತಾವು ಬೊಮ್ಮಕ್ಕನನ್ನ ಮುಂಚೆನೇ ಕಳಿಸಿದ್ದು!"

ಮೊದಲು ನಕ್ಕವಳು ರಾಣಿ. ಆಮೇಲೆ ದೊರೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ಹಾಗಾದರೆ ಅಪ್ಪಣೆ, ಬುದ್ಧಿ?"

"ಅದೂ ಹಾಲಿನ ಜೊತೆಗೇ ಒಲೆಗೆ ಹೋಯಿತು ಕಣೋ. ನೀನು ಕಟ್ಟಿಸಿದ ಗಾಡಿ ಬೊಮ್ಮಕ್ಕನ ತಂಗಿ ಮನೆಗೆ ಕಳಿಸು. ಊಟದ ಹೊತ್ತಿಗೆ ಅವಳು ಇಲ್ಲಿರಬೇಕು, ನನಗೆ ಹಸಿವು!"